ವಯರ್ ಕಿತ್ತ ಮೇಲೂ ಕೇಳಿದ ಪದ

ದೆವ್ವ, ಶಕುನ, ಪವಾಡ ಎಂದರೆ ನಗುವವನು ನಾನು. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಗದೆ ಇನ್ನೇನು ಮಾಡಿಯಾನು? ಆದರೂ ಇದನ್ನು ಬರೆಯುತ್ತಿದ್ದೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನೆಯವನು ಶರಣಪ್ಪ, ನನ್ನ ಗೆಳೆಯ. ಕೆಲವು ವರ್ಷಗಳ ಹಿಂದೆ ಇಬ್ಬರೂ ಒಂದೊಂದು ವೆಬ್‌ಸೈಟ್ ಮಾಡಿದೆವು. ಎಲ್ಲಿಯೂ ಬಾಡಿಗೆ ಜಾಗ ಹಿಡಿಯದೆ, ಮನೆಯ ಇಂಟರ್ನೆಟ್ಟಿಗೆ ಹಳೆಯ ಕಂಪ್ಯೂಟರ್ ಜೋಡಿಸಿ ಅದರಿಂದಲೇ ನಡೆಸುವುದು. ಅವನಿಗೆ ಆ ವಿದ್ಯೆ ಕಲಿಸಿದವನು ನಾನೇ. ಕಂಪ್ಯೂಟರ್ ಆರಿದರೆ ವೆಬ್‌ಸೈಟೂ ಆರಿತು, ಅಷ್ಟೇ. ನನ್ನದರಲ್ಲಿ ನನ್ನ ಕವನಗಳು. ಅವನದರಲ್ಲಿ ಕುಕನೂರು, ತಾವರಗೇರಾ ಕಡೆಯ ಮುದುಕಿಯರು ಬೀಸುಕಲ್ಲಿನ ಮುಂದೆ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ. ಅವನದಕ್ಕೆ ಜನ ಮುಗಿಬಿದ್ದರು. ನನ್ನದಕ್ಕೆ ನಾನೊಬ್ಬನೇ ದಿನಾ ಹೋಗಿಬರುತ್ತಿದ್ದೆ. ಸ್ವಂತದ್ದೊಂದು ಸಾಲು ಬರೆಯದವನಿಗೆ ಈ ಪರಿ ಹೆಸರೇ ಎಂದು ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇಕೆ?

ಒಂದು ಹುಣ್ಣಿಮೆಗೆ ಅವನು ಮನೆಮಂದಿಯೊಂದಿಗೆ ಹುಲಿಗಿಗೆ ದೇವಿಯ ದರ್ಶನಕ್ಕೆ ಹೊರಟ. ಊರಿಗೆ ಹೋಗುವಾಗ ಕೀಲಿಕೈ ಪಕ್ಕದ ಮನೆಗೆ ಕೊಡುವುದು ನಮ್ಮ ಓಣಿಯ ರೂಢಿ.

“ಕಂಪ್ಯೂಟರ್ ಅಷ್ಟ ಆರದಂಗ ನೋಡ್ಕೋಪಾ,” ಎಂದ.

ಮಧ್ಯಾಹ್ನ ಎರಡಕ್ಕೆ ಅವನ ಮನೆಯೊಳಗೆ ಹೋಗಿ ಕಂಪ್ಯೂಟರಿನ ಕರೆಂಟಿನ ವಯರ್, ಇಂಟರ್ನೆಟ್ಟಿನ ವಯರ್ ಎರಡನ್ನೂ ಕಿತ್ತೆ. ಕಂಪ್ಯೂಟರಿನೊಳಗಿನ ಫ್ಯಾನಿನ ಸದ್ದು ನಿಂತಿತು. ಮನೆಗೆ ಬಂದು, ಸತ್ತ ವೆಬ್‌ಸೈಟ್ ನೋಡುವ ಆಸೆಯಿಂದ ಮೊಬೈಲಿನಲ್ಲಿ ತೆರೆದೆ. ಪದ ಕೇಳಿಸಿತು. ಮೊಬೈಲಿನಲ್ಲಿ ಹಳೆಯದು ಉಳಿದಿರಬೇಕೆಂದು ಗಂಗಾವತಿಯಲ್ಲಿರುವ ತಂಗಿಗೆ ಫೋನ್ ಮಾಡಿ, ಅವನ ವೆಬ್‌ಸೈಟಿನಲ್ಲಿ ಅವಳು ಇದುವರೆಗೆ ಕೇಳದ ಪದವೊಂದನ್ನು ತೆರೆಯಲು ಹೇಳಿದೆ.

“ಛಲೋ ಬರಾಕತ್ತೈತಲ್ಲ ಅಣ್ಣಾ,” ಎಂದಳು. “ನೀನೂ ಇಂಥಾದ್ದೊಂದು ಯಾಕ ಮಾಡಬಾರ್ದು?”

ನನಗೂ ಒಂದು ವೆಬ್‌ಸೈಟ್ ಇದೆಯೆಂಬುದೇ ಅವಳಿಗೆ ನೆನಪಿರಲಿಲ್ಲ.

ಮತ್ತೆ ಅವನ ಮನೆಗೆ ಓಡಿದೆ. ವಯರುಗಳು ನೆಲದ ಮೇಲೇ ಬಿದ್ದಿದ್ದವು. ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ತಣ್ಣಗಿತ್ತು. ಐದಕ್ಕೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ವೆಬ್‌ಸೈಟಿಗೆ ಯಾರು ಯಾವಾಗ ಬಂದರೆಂದು ಕಂಪ್ಯೂಟರ್ ಬರೆದಿಡುವ ಪಟ್ಟಿ ತೆಗೆದು ನೋಡಿದೆ. ಆರಿದ ಕಂಪ್ಯೂಟರ್ ಏನನ್ನೂ ಬರೆದುಕೊಳ್ಳಲಾರದು. ಆದರೆ ಎರಡರಿಂದ ಐದರವರೆಗೆ ಬಂದವರೆಲ್ಲ ಅದರಲ್ಲಿದ್ದರು.

ಸಂಜೆ ಶರಣಪ್ಪ ಪ್ರಸಾದ ತಂದುಕೊಟ್ಟ. “ನೀ ಇದ್ದಿ ಅಂತ ನನಗ ಚಿಂತೀನ ಇರಲಿಲ್ಲ ನೋಡು,” ಎಂದ. ಕಣ್ಣಿಗೊತ್ತಿಕೊಂಡು ತಿಂದೆ. ಇಂದಿನವರೆಗೂ ಅವನಿಗೆ ಹೇಳಿಲ್ಲ.

ತಿಳಿದವರನ್ನು ಕೇಳಿದ್ದೇನೆ. ಬೇರೆಲ್ಲೋ ನಕಲು ಇದ್ದಿರಬೇಕು ಎನ್ನುತ್ತಾರೆ. ಇರಲಿಲ್ಲ. ಅವನಿಗೆ ಅದೆಲ್ಲವನ್ನೂ ಮೊದಲು ಜೋಡಿಸಿಕೊಟ್ಟವನೇ ನಾನು. ಹೇಗಾಯಿತೋ ನನಗೆ ಗೊತ್ತಿಲ್ಲ. ನೆಲದ ಮೇಲೆ ಬಿದ್ದ ವಯರ್ ಕಂಡಾಗ ನಾನು ಹೆದರಬೇಕಿತ್ತು, ಹೆದರಲಿಲ್ಲ. ಇನ್ನಷ್ಟು ಹೊಟ್ಟೆ ಉರಿಯಿತು. ನನ್ನ ಕಂಪ್ಯೂಟರ್ ಅಂದು ದಿನವಿಡೀ ನಡೆದಿತ್ತು, ಒಬ್ಬರೂ ಬಂದಿರಲಿಲ್ಲ.