ತೆರೆಯದ ಚೀಟಿಯೂ ಶಿರಾದ ನೂರೀನ್ ಕೂಡ

ಶಿರಾದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಮಹಡಿ ಕೋಣೆಯಲ್ಲಿ ನೂರೀನ್ ಚಹಾ ಆರಲು ಬಿಟ್ಟು ಕಂಪ್ಯೂಟರ್ ಪರದೆಯನ್ನೇ ದಿಟ್ಟಿಸುತ್ತಿದ್ದಾರೆ. ಫೋನಿನಲ್ಲಿ ವೈ.ಎನ್.ಹೊಸಕೋಟೆಯ ಪುಟ್ಟ ಕ್ಲಿನಿಕ್ಕಿನ ನರ್ಸ್ ವೇದಾವತಿ.

"ಇವತ್ತೂ ಅಂಗೇ ಕಣಮ್ಮ. ಇಸಿಜಿ ಒಂದ್ಸಲ ಹೋಗ್ತದೆ, ಇನ್ನೊಂದ್ಸಲ ನಿಂತ್ಬುಡ್ತದೆ. ಏಮೋ, ನಂಗಂತೂ ತಿಳೀತಿಲ್ಲ."

"ನಂಗೂ ತಿಳೀತಿಲ್ಲ ಅಕ್ಕ," ಎನ್ನುತ್ತಾರೆ ನೂರೀನ್.

ಬರಗೂರು, ನಾಗಲಮಡಿಕೆ, ಹೊಸಕೋಟೆಯಂಥ ಊರುಗಳ ಕ್ಲಿನಿಕ್ಕುಗಳಲ್ಲಿ ತೆಗೆದ ಇಸಿಜಿ, ಶಿರಾದ ಈ ಸರ್ವರ್ ಮೂಲಕ ಹೃದಯದ ವೈದ್ಯರ ಫೋನಿಗೆ ತಲುಪುತ್ತದೆ. ಆ ದಾರಿ ಕಾಯುವುದು ನೂರೀನ್ ಕೆಲಸ. ಗಡಿಯಾರ ರಿಪೇರಿಯ ಬುಡನ್ ಸಾಬ್ ಅವರ ಮಗಳು, ಡಿಪ್ಲೊಮಾ ಓದಿದವರು. ಕತ್ತಲಲ್ಲೇ ಮನೆ ಬಿಡುವ ಹುಡುಗಿಯ ಬಗ್ಗೆ ನೆರೆಹೊರೆಯಲ್ಲಿ ಮಾತು ಬಂದಾಗ ಅಬ್ಬಾ ಬುಡನ್ ಸಾಬ್ ಕೆಲವು ತಿಂಗಳು ಜೊತೆಗೇ ನಡೆದು ಬಂದು ಬಿಟ್ಟು ಹೋಗುತ್ತಿದ್ದರು.

ಸರ್ವರ್ ಯಾರನ್ನೂ ಸುಮ್ಮನೆ ನಂಬುವುದಿಲ್ಲ, ಎಂದು ನೂರೀನ್ ವಿವರಿಸುತ್ತಾರೆ. "ಯಾರಾದ್ರೂ ಹೊಸಕೋಟೆಯಿಂದ ಬಂದಿದೀನಿ ಅಂದ್ರೆ, ಸರ್ವರ್ರು ಆ ಇಂಟರ್‌ನೆಟ್ ವಿಳಾಸಾನ ಗುಪ್ತಲಿಪೀಲಿ ಬರ್ದು, ಒಂದು ಚೀಟಿ ಮಾಡಿ ಅದೇ ವಿಳಾಸಕ್ಕೆ ಕಳಿಸ್ತದೆ. ಇದಕ್ಕೆ ಟೋಕನ್ ಅಂತೀವಿ. ನಿಜ್ವಾಗ್ಲೂ ಅಲ್ಲಿದ್ರೆ ಚೀಟಿ ಸಿಕ್ತದೆ, ವಾಪಸ್ ತೋರಿಸ್ತಾರೆ. ಸುಳ್ಳು ವಿಳಾಸ ಹೇಳಿದವ್ರಿಗೆ ಚೀಟೀನೇ ಸಿಗಲ್ಲ." ಈ ತಪಾಸಣೆ ಇಲ್ಲದಿದ್ದರೆ ಯಾರೋ ಕಿಡಿಗೇಡಿ ಇನ್ನೊಬ್ಬರ ವಿಳಾಸ ಹೇಳಿ, ಸರ್ವರ್ ಕೈಯಲ್ಲೇ ಅವರ ಮೇಲೆ ಮಾಹಿತಿಯ ರಾಶಿ ಸುರಿಸಬಹುದು.

ಆದರೆ ಸರ್ವರಿಗೆ ಹೊಸ ಯಂತ್ರವೊಂದನ್ನು ಸೇರಿಸಿದಾಗಿನಿಂದ, ನಿಜವಾದ ಕ್ಲಿನಿಕ್ಕುಗಳ ಚೀಟಿಯೇ ತಿರಸ್ಕಾರವಾಗುತ್ತಿದೆ. ವಿಳಾಸ ಸರಿ, ಸಮಯ ಸರಿ, ತಂತಿಯೂ ಸರಿ. "ತಲೆ ಗಿರ್ ಅಂತದೆ. ನಾನೇ ಏನೋ ಕೆಡಿಸ್ಬುಟ್ನಾ ಅಂತ ಭಯ," ಎನ್ನುತ್ತಾರೆ ನೂರೀನ್. ಸರ್ವರಿನ ಮಾಲೀಕ ಪ್ರಭುದೇವ್ ಫೋನಿನಲ್ಲಿ, "ತಪಾಸಣೆನೇ ಆಫ್ ಮಾಡ್ಬುಡಮ್ಮ," ಎಂದಿದ್ದಾರೆ. ನೂರೀನ್‌ಗೆ ಮನಸ್ಸು ಬಂದಿಲ್ಲ.

ಅಷ್ಟರಲ್ಲಿ ವೇದಾವತಿಯ ಧ್ವನಿ ಏರುತ್ತದೆ. ಎದೆ ಹಿಡಿದುಕೊಂಡು ಕದಿರಯ್ಯ ಎಂಬ ರೈತರು ಬಂದಿದ್ದಾರೆ, ಮೈಯೆಲ್ಲ ಬೆವರು. ಇಸಿಜಿ ಹೋಗುತ್ತಿಲ್ಲ. ನೂರೀನ್ ಒಂದು ಕ್ಷಣ ಕಣ್ಣು ಮುಚ್ಚಿ ತಪಾಸಣೆ ಆಫ್ ಮಾಡುತ್ತಾರೆ. ಇಸಿಜಿ ಹೋಗುತ್ತದೆ. ಅದೇ ಗಳಿಗೆಯಲ್ಲಿ ಕೊರಟಗೆರೆ ಕಡೆಯ ಒಂದೇ ವಿಳಾಸದ ಹೆಸರಲ್ಲಿ, ಇಷ್ಟು ಹೊತ್ತು ತಪಾಸಣೆ ತಡೆದಿದ್ದ ಸುಳ್ಳು ಕೋರಿಕೆಗಳು ನುಗ್ಗುತ್ತವೆ. ಸರ್ವರ್ ಅಲ್ಲಿಗೆ ಉತ್ತರ ಸುರಿಯತೊಡಗುತ್ತದೆ. ವೈದ್ಯರು "ಸಿಕ್ಕಿತು" ಎಂದೊಡನೆ ನೂರೀನ್ ತಪಾಸಣೆಯನ್ನು ಮತ್ತೆ ಆನ್ ಮಾಡುತ್ತಾರೆ.

ಆಂಬುಲೆನ್ಸ್ ಹೊರಟ ಸುದ್ದಿ ಬಂದ ಮೇಲೆ, ವೇದಾವತಿಯ ಮಾತು ನೂರೀನ್ ತಲೆಯಲ್ಲಿ ಸುತ್ತುತ್ತದೆ: ಒಂದು ಸಲ ಹೋಗುತ್ತದೆ, ಇನ್ನೊಂದು ಸಲ ನಿಲ್ಲುತ್ತದೆ. ಒಂದು, ಇನ್ನೊಂದು. ಸರ್ವರಿನಲ್ಲಿ ಈಗ ಇರುವುದೂ ಎರಡು ಯಂತ್ರ; ಬಂದ ಕೋರಿಕೆ ಯಾವುದಾದರೂ ಒಂದಕ್ಕೆ ಹೋಗುತ್ತದೆ. ಹಳೆಯದು ಒಂದು ಗುಪ್ತ ಕೀಲಿಯಿಂದ ಚೀಟಿ ಮುಚ್ಚುತ್ತದೆ, ಹೊಸದು ಬೇರೆ ಕೀಲಿಯಿಂದ. ಒಂದು ಕೊಟ್ಟ ಚೀಟಿ ಇನ್ನೊಂದರ ಕೈ ಸೇರಿದರೆ ತೆರೆಯುವುದಾದರೂ ಹೇಗೆ? ನೂರೀನ್ ಎರಡಕ್ಕೂ ಒಂದೇ ಕೀಲಿ ಹಾಕುತ್ತಾರೆ. ಅಲ್ಲಿಂದೀಚೆಗೆ ಚೀಟಿ ತಿರಸ್ಕಾರವಾಗಿಲ್ಲ.

ಕದಿರಯ್ಯ ಬದುಕಿ ಮನೆ ಸೇರಿದ್ದಾರೆ. ನೂರೀನ್‌ಗೆ ಮಾತ್ರ ಗೊಂದಲ ಬಿಟ್ಟಿಲ್ಲ. "ಆಫ್ ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಕೊರಟಗೆರೇಲಿ ಯಾರಿಗೆ ಎಷ್ಟು ತೊಂದ್ರೆ ಆಯ್ತೋ. ಹುಡುಕ್ದೆ, ಸಿಕ್ಕಲಿಲ್ಲ."

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನೂರೀನ್ ಹೇಳುತ್ತಾರೆ: "ಒಂದಿನ ಹೊಸಕೋಟೆಗೆ ಹೋಗ್ಬೇಕು. ವೇದಾವತಕ್ಕನ ಮುಖ ನೋಡಿಲ್ಲ ನಾನು. ಕದಿರಯ್ಯೋರ್ನೂ ದೂರದಿಂದ ನೋಡ್ಕೊಂಡು ಬರ್ತೀನಿ. ಮಾತಾಡ್ಸಲ್ಲ. ನಾನ್ಯಾರು ಅಂತ ಕೇಳಿದ್ರೆ, ಏನಂತ ಹೇಳ್ಲಿ?"