ಹಲಗೆಯಲ್ಲಿ ಖಾಲಿ ಉಳಿದ ಜಾಗ

ಪೂನಾ-ಬೆಂಗಳೂರು ರಸ್ತೆ ದಾವಣಗೆರೆಯನ್ನು ಹಾದುಹೋಗುವ ಕಡೆ ಒಂದು ತಗಡಿನ ಗ್ಯಾರೇಜಿತ್ತು. ಗುಡ್ಡಪ್ಪ, ಚಾಂದ್ ಪಾಷಾ ಎಂಬ ಇಬ್ಬರು ಮೇಸ್ತ್ರಿಗಳು ಅದನ್ನು ಹಂಚಿಕೊಂಡಿದ್ದರು. ಸಾಮಾನೂ ಇಬ್ಬರಿಗೂ ಒಂದೇ. ಅದನ್ನು ಕಾಯುವವನು ಸಣ್ಣಬೀರಪ್ಪ. ಕಡರನಾಯಕನಹಳ್ಳಿಯಿಂದ ಲಾರಿ ಕ್ಲೀನರಾಗಿ ಬಂದಿದ್ದ ಅವನ ಎಡಗೈಯ ಎರಡು ಬೆರಳು ಜಾಕಿನಡಿ ಸಿಕ್ಕಿ ಹೋದ ಮೇಲೆ ಲಾರಿಯವರು ಕೈಬಿಟ್ಟರು. ಮೇಸ್ತ್ರಿಗಳು ಕರೆದು ಈ ಕೆಲಸ ಕೊಟ್ಟರು.

ಅವನು ಬಂದಾಗ ನಟ್ಟು ಬಿಗಿಯುವ ಪಾನಾಗಳೆಲ್ಲ ಒಂದು ಗೋಣಿಚೀಲದಲ್ಲಿದ್ದವು. ಒಂದು ಬೇಕಾದರೆ ಚೀಲವನ್ನೇ ನೆಲಕ್ಕೆ ಸುರಿಯಬೇಕು. 'ನೀ ತಗಂಡಿ, ನಾ ತಗಂಡಿಲ್ಲ' ಅಂತ ದಿನಕ್ಕೊಂದು ಜಗಳ. ಸಣ್ಣಬೀರಪ್ಪನಿಗೆ ಓದು ಬರಹ ಬಾರದು. ಹಳೇ ಲಾರಿಯೊಂದರ ಹಲಗೆಗಳನ್ನು ಗೋಡೆಗೆ ಹೊಡೆದು, ಒಂದೊಂದು ಪಾನಾವನ್ನೂ ಅದರ ಮೇಲಿಟ್ಟು, ಸುತ್ತ ಡಾಂಬರಿನ ಗೆರೆ ಎಳೆದು, ಮೊಳೆಗೆ ತೂಗುಹಾಕಿದ. ಯಾವುದು ಇಲ್ಲವೋ ಅದರ ಆಕಾರ ಹಲಗೆಯ ಮೇಲೆ ಎದ್ದು ಕಾಣುತ್ತಿತ್ತು.

"ಏನೋ ಬೀರಾ, ದೇವರ ಪಟ ಜೋಡಿಸ್ದಂಗೆ ಜೋಡಿಸೀಯಲ್ಲೋ" ಎಂದು ಗುಡ್ಡಪ್ಪ ನಗುತ್ತಿದ್ದ. ಸಣ್ಣಬೀರಪ್ಪ ನಗುತ್ತಿರಲಿಲ್ಲ. ಅವನದು ಮೊದಲಿನಿಂದಲೂ ಪುಕ್ಕಲು ಜೀವ. ಉಣ್ಣುವಾಗಲೂ ಮನಸ್ಸು ಹಲಗೆಯ ಮೇಲೇ ಇರುತ್ತಿತ್ತು.

ಅರವತ್ತೊಂದರ ಬೇಸಿಗೆಯಲ್ಲಿ ಒಂದು ದಿನ ಮದುವೆ ದಿಬ್ಬಣದ ಬಸ್ಸು ಗ್ಯಾರೇಜಿಗೆ ಬಂತು. ಸ್ಟೇರಿಂಗು ಸಡಿಲವಾಗಿತ್ತು. ಪಿ.ಜೆ. ಬಡಾವಣೆಯಲ್ಲಿ ಜನ ಹತ್ತಿಸಿಕೊಂಡು, ಹರಿಹರದಲ್ಲಿ ನೆಂಟರನ್ನು ಕೂಡಿಸಿಕೊಂಡು, ಹೊಳೆ ದಾಟಿ ರಾಣೆಬೆನ್ನೂರಿಗೆ ಹೋಗಬೇಕು ಎಂದ ಡ್ರೈವರ್ ಮೈಲಾರಲಿಂಗಪ್ಪ. ಚಾಂದ್ ಪಾಷಾ ಬಸ್ಸಿನಡಿಗೆ ನುಗ್ಗಿದ. ಅವನಿಗೆ ಬೇಕಾದ್ದನ್ನೆಲ್ಲ ಕೊಟ್ಟು ಸಣ್ಣಬೀರಪ್ಪ ಊಟಕ್ಕೆ ಹೋದ.

ತಿರುಗಿ ಬಂದಾಗ ಬಸ್ಸಿರಲಿಲ್ಲ. ಹಲಗೆಯ ಮೇಲೆ ದೊಡ್ಡ ರಿಂಗ್ ಪಾನಾದ ಜಾಗ ಖಾಲಿ.

"ಗುಡ್ಡಪ್ಪಣ್ಣ, ಚಾಂದ್ ಎಲ್ಲಿ?"

ಲಾರಿಯ ಸ್ಪ್ರಿಂಗ್ ಪಟ್ಟಾ ಬಡಿಯುತ್ತಿದ್ದ ಗುಡ್ಡಪ್ಪ ಸುತ್ತಿಗೆ ನಿಲ್ಲಿಸಿದ. "ಮನೆಗೆ ಓಡಿದ. ಹೆಂಡ್ತಿ ಬಿಲ್ಕೀಸ್‌ಗೆ ಹೆರಿಗೆ ನೋವು ಅಂತ ಯಾರೋ ಕರಿಯಾಕ ಬಂದಿದ್ರು."

"ಬಸ್ಸಿನ ಕೆಲಸ ಮುಗ್ದಿತ್ತಾ?"

"ಏನೋ ಕೂಗಿ ಹೇಳ್ದ, ಈ ಸದ್ದಿನಾಗ ಕೇಳ್ಸಲಿಲ್ಲ. ಬಸ್ಸಿನಡಿ ಯಾರೂ ಇರ್ಲಿಲ್ಲ, ಮುಗ್ದೈತೆ ಅಂತ ನಾನೇ ಕಳಿಸ್ದೆ. ಯಾಕ?"

ಸಣ್ಣಬೀರಪ್ಪ ಬಸ್ಸು ನಿಂತಿದ್ದ ಜಾಗದಲ್ಲಿ ಮಂಡಿಯೂರಿದ. ಎಣ್ಣೆ ಮೆತ್ತಿದ ಬಟ್ಟೆಯ ಮೇಲೆ ಹೊಸ ಪಿನ್ನೊಂದು ಕಾಗದ ಸುತ್ತಿದ್ದ ಹಾಗೇ ಬಿದ್ದಿತ್ತು. ಸ್ಟೇರಿಂಗಿನ ರಾಡಿಗೆ ನಟ್ಟು ಬಿಗಿ ಮಾಡಿ, ಅದು ಕಳಚದ ಹಾಗೆ ಕೊನೆಗೆ ತೂರಿಸುವ ಪಿನ್ನು ಅದು. ಅದು ಇಲ್ಲೇ ಉಳಿದಿದೆ, ಪಾನಾವೂ ಹಲಗೆಗೆ ಬಂದಿಲ್ಲ ಅಂದರೆ ನಟ್ಟು ಬಿಗಿಯಾಗಿಲ್ಲ.

"ಅಣ್ಣ, ಬಸ್ಸು ಹಂಗೇ ಹೋಗೈತೆ!"

ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ಪಿ.ಜೆ. ಬಡಾವಣೆಗೆ ಓಡಿದ. ಮದುವೆ ಮನೆಯ ಮುಂದೆ ಮುದುಕಿಯೊಬ್ಬಳು ಅಂಗಳ ಗುಡಿಸುತ್ತಿದ್ದಳು. "ಈಗ ಹೋತಪ್ಪ. ನೀನೂ ದಿಬ್ಬಣದವನಾ?" ಎಂದಳು. ಅವನು ಅಷ್ಟರಲ್ಲೇ ರಸ್ತೆಗೆ ಓಡಿ, ಹರಿಹರದ ಕಡೆ ಹೊರಟಿದ್ದ ಹತ್ತಿಯ ಲಾರಿಗೆ ಅಡ್ಡ ನಿಂತು ಹತ್ತಿಕೊಂಡ.

ದಾರಿಯುದ್ದಕ್ಕೂ ಅವನು ರಸ್ತೆಬದಿಯ ಮರಗಳ ಬುಡವನ್ನೇ ನೋಡುತ್ತಿದ್ದ. ಎಲ್ಲಾದರೂ ಜನ ಗುಂಪುಗೂಡಿದ್ದರೆ ತಲೆ ಹೊರಹಾಕಿ ನೋಡುತ್ತಿದ್ದ. ಊಟಕ್ಕೆ ಹೋಗಬಾರದಿತ್ತು, ಚಾಂದ್ ಬಸ್ಸಿನಡಿಯಿಂದ ಎದ್ದು ಬರುವತನಕ ಕಾಯಬೇಕಿತ್ತು. ಹೊಳೆಯ ಸೇತುವೆ ನೆನಪಾದಾಗಲಂತೂ ಕಣ್ಣು ಮುಚ್ಚಿಕೊಂಡ. ಸೇತುವೆಯ ಮೇಲೆ ನಟ್ಟು ಕಳಚಿದರೆ ಡ್ರೈವರ್ ಚಕ್ರ ತಿರುಗಿಸಿ ಏನು ಪ್ರಯೋಜನ?

ಹರಿಹರದ ಪೇಟೆ ದಾಟಿದ ಮೇಲೆ, ಸೇತುವೆಗೆ ಇನ್ನೂರು ಮಾರು ಹಿಂದೆ ಬಸ್ಸು ನಿಂತಿತ್ತು. ನೆಂಟರು ಹತ್ತಿ ಮುಗಿದಿದ್ದರು. ಎಂಜಿನ್ ಚಾಲೂ ಆಗಿತ್ತು. ಸಣ್ಣಬೀರಪ್ಪ ಲಾರಿಯಿಂದ ಧುಮುಕಿ ಹೋಗಿ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟ.

"ಏಯ್, ಸಾಯಾಕ ನಮ್ಮ ಬಸ್ಸೇ ಬೇಕಿತ್ತಾ?" ಮೈಲಾರಲಿಂಗಪ್ಪ ರೇಗಿದ.

"ಇಳೀರಿ, ಕೆಳಗೆ ನೋಡ್ರಿ. ಸ್ಟೇರಿಂಗು ಜಗ್ಗತಿರ್ಲಿಲ್ಲೇನ್ರಿ?"

"ಜರಾ ಆಡ್ತಿತ್ತು. ಅದಕ್ಕೇನಾತು?" ಎನ್ನುತ್ತ ಅವನು ಇಳಿದು ಬಗ್ಗಿದ. ನಟ್ಟು ಎರಡೇ ಸುತ್ತಿನ ಮೇಲೆ ನಿಂತಿತ್ತು. ಸಣ್ಣಬೀರಪ್ಪ ಬೆರಳು ಮುಟ್ಟಿಸಿದ್ದೇ ತಡ, ಬುಗುರಿಯಂತೆ ತಿರುಗಿತು. ಡ್ರೈವರ್ ಓಡಿಹೋಗಿ ತನ್ನ ಸೀಟಿನಡಿಯ ಪಾನಾ ತಂದ. ಅವನು ಬಿಗಿ ಮಾಡಿದ, ಇವನು ಮೂರು ಬೆರಳಿನ ಕೈಯಿಂದ ರಾಡು ಹಿಡಿದುಕೊಂಡ. ಆಮೇಲೆ ಪಿನ್ನು ತೂರಿಸಿ ತುದಿ ಮಡಚಿದರು.

"ಹೊತ್ತಾತಲ್ಲಪ್ಪ, ಏನದು ರಿಪೇರಿ?" ಎಂದು ಮೇಲಿನಿಂದ ಹೆಂಗಸರು ಗೊಣಗಿದರು.

"ಏನಿಲ್ರವ್ವ, ಕೂಡ್ರಿ" ಎಂದ ಮೈಲಾರಲಿಂಗಪ್ಪ. ಹತ್ತುವ ಮುನ್ನ ಸಣ್ಣಬೀರಪ್ಪನ ಭುಜವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ.

ಬಸ್ಸು ಸೇತುವೆಯ ಆಚೆ ದಡ ಮುಟ್ಟುವವರೆಗೂ ಸಣ್ಣಬೀರಪ್ಪ ನೋಡುತ್ತ ನಿಂತಿದ್ದ. ಆಮೇಲೆ ಅಲ್ಲೇ ಮೈಲುಗಲ್ಲಿನ ಮೇಲೆ ಕುಕ್ಕರಿಸಿದ.

ಸಂಜೆ ಗ್ಯಾರೇಜಿಗೆ ಬಂದಾಗ ಚಾಂದ್ ಪಾಷಾ ಗೋಡೆಗೊರಗಿ ಕೂತಿದ್ದ. ಆ ದೊಡ್ಡ ಪಾನಾ ಅವನ ಪ್ಯಾಂಟಿನ ಜೇಬಿನಲ್ಲೇ ಉಳಿದಿತ್ತು. ಮನೆಯಲ್ಲಿ ಅದು ಕೈಗೆ ತಾಗಿದಾಗಲೇ ಅವನಿಗೆ ಅರಿವಾಗಿ ಓಡಿ ಬಂದಿದ್ದ.

"ಬೀರಪ್ಪಣ್ಣ, ಬಸ್ಸು?"

"ದಾಟ್ತು. ಎಲ್ರೂ ಚಲೋ ಅದಾರ. ಮನ್ಯಾಗ ಹೆಂಗೈತೆ?"

"ಹೆಣ್ಣು" ಎಂದವನೇ ಚಾಂದ್ ಪಾಷಾ ಮುಖ ಮುಚ್ಚಿಕೊಂಡು ಅತ್ತ.

ಮರುದಿನದಿಂದ ಹಲಗೆ ತುಂಬದೆ ಯಾವ ಗಾಡಿಯೂ ಹೊರಗೆ ಹೋಗುವಂತಿರಲಿಲ್ಲ. ಆ ಕಟ್ಟಳೆ ಮಾಡಿದವನು ಗುಡ್ಡಪ್ಪನೇ. "ಬೀರಾ, ಬಿಡ್ಲಾ?" ಎಂದು ಕೇಳಿ, ಸಣ್ಣಬೀರಪ್ಪ ತಲೆಯಾಡಿಸಿದ ಮೇಲೇ ಗಾಡಿ ಬಿಡುತ್ತಿದ್ದ. ಅದರಿಂದ ಸಣ್ಣಬೀರಪ್ಪನ ಮರ್ಯಾದೆ ಹೆಚ್ಚಿತೇ ಹೊರತು ಅಂಜಿಕೆ ಕಡಿಮೆಯಾಗಲಿಲ್ಲ. ತಲೆಯಾಡಿಸುವ ಮೊದಲು ಅವನು ಹಲಗೆಯ ಪಾನಾಗಳನ್ನು ಎರಡೆರಡು ಸಲ ಎಣಿಸುತ್ತಿದ್ದ. ಮಧ್ಯಾಹ್ನದ ಊಟವನ್ನು ಹೆಂಡತಿ ಅಂಜಿನವ್ವ ಗ್ಯಾರೇಜಿಗೇ ತಂದುಕೊಡುವಂತಾಯಿತು.