ಕೊಂಬಿನ ಹುಳದ ಮೇಷ್ಟ್ರು

ಮೇಷ್ಟ್ರು ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ಎಡಗಣ್ಣು ಮುಚ್ಚುತ್ತಿದ್ದರು. ಜೀವಮಾನವೆಲ್ಲ ಒಂಟಿಗಣ್ಣಿನ ಹಳೇ ಮೈಕ್ರೋಸ್ಕೋಪಿಗೆ ಬಗ್ಗಿ ಬಗ್ಗಿ ಬಂದ ಅಭ್ಯಾಸ. ಹುಳ ನೋಡುವಾಗ ಸರಿ, ನನ್ನ ಅಂಗಡಿಯ ರೇಟ್ ಬೋರ್ಡು ಓದುವಾಗಲೂ ಹಾಗೇ. ಒಮ್ಮೆ ಬೋರ್ಡಿನ ಕೆಳಗೆ ನಿಂತಿದ್ದ ಲಾ ಕಾಲೇಜಿನ ಹುಡುಗಿಯೊಬ್ಬಳು, "ಆಂಟಿ, ಆ ತಾತ ನಂಗೆ ಕಣ್ಣು ಹೊಡೀತಾರೆ" ಎಂದು ದೂರು ತಂದಳು. ನನಗೆ ನಕ್ಕು ನಕ್ಕು ಸಾಕಾಯಿತು. "ಅವರು ಕಣ್ಣು ಹೊಡೆಯೋದು ಹುಳಕ್ಕೆ ಮಾತ್ರ ಕಣೇ, ನೀನು ಧೈರ್ಯವಾಗಿ ನಿಂತ್ಕೋ" ಎಂದೆ.

ನಾಗರಬಾವಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಯೂನಿವರ್ಸಿಟಿ ಹುಡುಗರ ಥೀಸಿಸ್ಸುಗಳೇ ನನ್ನ ಅನ್ನ. ಮೇಷ್ಟ್ರು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹಿಂದಿನ ಬೀದಿಯ ಮನೆಯೊಂದರ ಮಹಡಿ ಮೇಲೆ ಒಂದು ರೂಮು ಹಿಡಿದು ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಆ ರೂಮಿನಲ್ಲಿ ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಹಾಕುವಂತಿರಲಿಲ್ಲ, ಯಾಕೆಂದರೆ ಅವರ ಹುಳಗಳು ರವೆಯ ಕಾಳಿನಷ್ಟು. ಗಾಳಿಗೆ ಒಂದು ಹಾರಿಹೋದರೆ ಮತ್ತೆ ಸಿಕ್ಕಿತೆನ್ನುವ ಮಾತೇ ಇಲ್ಲ. ಹಾಗಾಗಿ ಬಂದವರು ಬೆವರು ಒರೆಸಿಕೊಂಡು ಬೇಗ ಎದ್ದು ಹೋಗುತ್ತಿದ್ದರು, ಆಮೇಲಾಮೇಲೆ ಬರುವುದನ್ನೇ ಬಿಟ್ಟರು.

"ನನ್ನ ಮಾತು ಅರ್ಥ ಆಗೋರು ಪ್ರಪಂಚದಲ್ಲಿ ನಾಲ್ಕೈದು ಜನ ಇರಬಹುದು ಕಣಮ್ಮಾ. ಒಬ್ಬೊಬ್ಬರೂ ಒಂದೊಂದು ದೇಶದಲ್ಲಿ" ಎನ್ನುತ್ತಿದ್ದರು. ಭಾನುವಾರ ಕೆಲಸವೇನೂ ಇಲ್ಲದಿದ್ದರೂ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಾತಿಗೆ ಜನ ಬೇಕಿತ್ತು, ಅಷ್ಟೆ. ನನಗೂ ಬೇಕಿತ್ತು ಅನ್ನಿ.

ಒಂದು ಮಳೆಗಾಲದಲ್ಲಿ ಅವರು ಕುಣಿಯುವುದೊಂದು ಬಾಕಿ ಎನ್ನುವ ಹಾಗೆ ಬಂದರು. ಕ್ಯಾಂಪಸ್ಸಿನಲ್ಲಿ ಬಿದ್ದಿದ್ದ ಮರದ ಮೇಲೆ ಬೆಳೆದ ಗಟ್ಟಿ ಅಣಬೆಯೊಳಗೆ ಒಂದು ದುಂಬಿ ಸಿಕ್ಕಿತ್ತು, ತಲೆಯ ಮೇಲೆ ಪುಟ್ಟ ಕೊಂಬು. ಎಷ್ಟು ಹುಡುಕಿದರೂ ಸಿಕ್ಕಿದ್ದು ಅದೊಂದೇ. ಗೊತ್ತಿರುವ ಯಾವ ಹುಳಕ್ಕೂ ಅದು ಹೊಂದುತ್ತಿರಲಿಲ್ಲ. ಹೊಸ ಹುಳವೆಂದರೆ ಸುಮ್ಮನೆ ಹೊಸದು ಎಂದರಾಗದು. ಅದನ್ನು ಅಡಿಯಿಂದ ಮುಡಿಯವರೆಗೆ ವರ್ಣಿಸಬೇಕು. ಮೈಯ ಕಂದು ಎಷ್ಟು ಗಾಢ, ಬೆನ್ನಿನ ಗುಳಿಗಳ ನಡುವೆ ಎಷ್ಟು ಅಂತರ, ರೋಮ ನೆಟ್ಟಗೋ ಡೊಂಕೋ. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ.

"ಮೇಷ್ಟ್ರೇ, ಹೆಣ್ಣು ನೋಡೋಕೆ ಹೋದೋರೂ ಇಷ್ಟು ನೋಡಲ್ಲ!"

"ಅದಕ್ಕೇ ನನಗೆ ಯಾರೂ ಹೆಣ್ಣು ಕೊಡ್ಲಿಲ್ಲ" ಎಂದು ನಕ್ಕರು.

ಹುಳಕ್ಕೆ ನಿಮ್ಮ ಹೆಸರೇ ಇಡಿ ಎಂದರೆ ಕಿವಿ ಮುಚ್ಚಿಕೊಂಡರು. ತನ್ನ ಹೆಸರು ತಾನೇ ಇಟ್ಟುಕೊಳ್ಳುವುದು ಅವರ ಕಸುಬಿನಲ್ಲಿ ಮರ್ಯಾದೆಯಲ್ಲವಂತೆ. ನಾಗರಬಾವಿಯ ಹೆಸರಿಟ್ಟರು. ಅವರ ಮನೆ ಓನರ್ರು, "ಹುಳಕ್ಕೆ ನಮ್ಮ ಏರಿಯಾ ಹೆಸರಾ? ಸೈಟ್ ರೇಟ್ ಬಿದ್ದೋಗುತ್ತೆ ಸಾರ್" ಎಂದು ಗೊಣಗಿದರು. ಲೇಖನ ವಿದೇಶದ ಪತ್ರಿಕೆಯಲ್ಲಿ ಅಚ್ಚಾದ ದಿನ ಮೇಷ್ಟ್ರು ಬೀದಿಯವರಿಗೆಲ್ಲ ಮೈಸೂರ್ ಪಾಕ್ ಹಂಚಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಮರುವರ್ಷ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ, ಇನ್ನೂ ಶಟರ್ ಎತ್ತುತ್ತಿದ್ದೆ, ಮೊಸರಿನ ಡಬ್ಬವೊಂದನ್ನು ಹಿಡಿದು ನಿಂತಿದ್ದರು. ಒಳಗೆ ಅದೇ ಮರದ ಅಣಬೆಯ ಚೂರು. ಭೂತಗನ್ನಡಿ ಕೊಟ್ಟು ನೋಡು ಎಂದರು. ಎರಡು ಚುಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲಿನದಕ್ಕೆ ಕೊಂಬಿತ್ತು, ಕೆಳಗಿನದಕ್ಕೆ ಇರಲಿಲ್ಲ.

"ಎರಡೂ ಒಂದೇ ಜಾತಿ ಕಣಮ್ಮಾ. ಕೊಂಬಿಲ್ಲದ್ದು ಹೆಣ್ಣು. ಅದಕ್ಕೆ ಸಿಂಹಳದಲ್ಲಿ ಯಾರೋ ಎಂದೋ ಹೆಸರಿಟ್ಟು ಬರೆದಾಗಿದೆ. ಅವರಿಗೆ ಗಂಡು ಸಿಕ್ಕಿರಲಿಲ್ಲ, ನನಗೆ ಹೆಣ್ಣು ಸಿಕ್ಕಿರಲಿಲ್ಲ" ಎಂದರು ಮೇಷ್ಟ್ರು. ಡಬ್ಬದ ಮುಚ್ಚಳ ಒತ್ತಿ ಮುಚ್ಚಿದರು. "ಒಬ್ಬನೇ ಇದ್ದ ನೋಡು, ಇವನೇ ಬೇರೆ ಅಂದ್ಕೊಂಡುಬಿಟ್ಟೆ."

ಮೊದಲು ಇಟ್ಟ ಹೆಸರೇ ನಿಲ್ಲಬೇಕಂತೆ, ಅದು ಅವರಲ್ಲಿ ಕಟ್ಟಳೆ. ನಾಗರಬಾವಿಯ ಹೆಸರು ಅಳಿಯಬೇಕು, ಅಳಿಸುವ ಲೇಖನವನ್ನೂ ಅವರೇ ಬರೆಯುತ್ತಾರಂತೆ! ನನಗೆ ಸಿಟ್ಟು ಬಂತು. "ಬಿಡಿ ಮೇಷ್ಟ್ರೇ, ಯಾರಿಗೆ ಗೊತ್ತಾಗುತ್ತೆ? ಆ ಡಬ್ಬ ತಿಪ್ಪೆಗೆಸೆದು ಬನ್ನಿ, ಕಾಫಿ ಕುಡಿಯೋಣ."

"ಯಾರಿಗೂ ಗೊತ್ತಾಗಲ್ಲ ಕಣಮ್ಮಾ. ಇದನ್ನ ಇಷ್ಟು ಹತ್ತಿರದಿಂದ ನೋಡೋನು ನಾನೊಬ್ಬನೇ. ನಾನೂ ಹೇಳದೇ ಹೋದ್ರೆ ಸುಳ್ಳೇ ನಿಂತುಬಿಡುತ್ತೆ. ನೀನು ಟೈಪ್ ಮಾಡು."

ಬೈದುಕೊಂಡೇ ಟೈಪ್ ಮಾಡಿದೆ. ಒಂದೇ ಪುಟ. ಅಚ್ಚಾದಾಗ ಅವರು ಯಾರಿಗೂ ಹೇಳಲಿಲ್ಲ, ಸಿಹಿ ತಿಂದಿದ್ದ ಬೀದಿಯವರೂ ಯಾರೂ ಕೇಳಲಿಲ್ಲ. ಭಾನುವಾರ ಬಂದು ಕೂರುವುದು ಮಾತ್ರ ನಡೆದೇ ಇತ್ತು. ಮಾತು ಕಡಿಮೆಯಾಯಿತು.

ಈ ವರ್ಷ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಸೇರಿದವರು ವಾಪಸ್ಸು ಬರಲಿಲ್ಲ. ಓನರ್ರು ಫೋನ್ ಮಾಡಿದ್ದು ನನಗೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾವಣಗೆರೆಯಿಂದ ಅವರ ತಮ್ಮನ ಮಗ ಬಂದು ದೇಹವನ್ನು ಊರಿಗೆ ಕೊಂಡೊಯ್ದ. ಕೆಲವು ದಿನಗಳ ಮೇಲೆ ರೂಮು ಖಾಲಿ ಮಾಡಲು ಮತ್ತೆ ಬಂದವನು, ಶಿವಗಣಾರಾಧನೆಯ ಕಾರ್ಡು ಮಾಡಿಸಲು ನನ್ನ ಅಂಗಡಿಗೇ ಬಂದ. ಒಳ್ಳೆಯ ಹುಡುಗ, ದೊಡ್ಡಪ್ಪನ ಮೇಲೆ ಅಭಿಮಾನವಿತ್ತು. ಹೆಸರಿನ ಕೆಳಗೆ "ಹೊಸ ಕೀಟವೊಂದನ್ನು ಕಂಡುಹಿಡಿದ ವಿಜ್ಞಾನಿ" ಎಂದು ಹಾಕಲು ಹೇಳಿದ. ಹಾಕಿದೆ. ದೊಡ್ಡ ಅಕ್ಷರದಲ್ಲಿ, ಫೋಟೋದ ಕೆಳಗೆ, ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಪ್ರಿಂಟ್ ಕೊಡಲು ಹೋದ ಬೆರಳು ಹಾಗೇ ನಿಂತಿತು.

"ಇಲ್ಲಪ್ಪ, ಆ ಹುಳ ಹೊಸದಲ್ಲ. ಹೊಸದಲ್ಲ ಅಂತ ನಿಮ್ಮ ದೊಡ್ಡಪ್ಪನೇ ಬರೆದು ಹೇಳಿದ್ರು" ಎಂದೆ.

ಅವನ ಮುಖ ಸಪ್ಪಗಾಯಿತು. "ಇರ್ಲಿ ಬಿಡ್ರಿ ಮೇಡಂ, ಯಾರಿಗ್ ಗೊತ್ತಾಗ್ತತಿ?"

"ನನಗೆ ಗೊತ್ತಲ್ಲಪ್ಪ."

ಆ ಸಾಲು ಅಳಿಸಿ, "ನಿವೃತ್ತ ಉಪನ್ಯಾಸಕರು" ಎಂದಷ್ಟೇ ಹಾಕಿ ಪ್ರಿಂಟ್ ಕೊಟ್ಟೆ. ಆಸ್ಪತ್ರೆಯಲ್ಲಿ ಕಣ್ಣೀರು ಹಾಕದವಳು, ಅವನು ಕಾರ್ಡಿನ ಕಟ್ಟು ಹಿಡಿದು ರಸ್ತೆ ದಾಟಿದ ಮೇಲೆ ಶಟರ್ ಅರ್ಧ ಎಳೆದುಕೊಂಡು ಅತ್ತೆ.